ಅವ್ವನ ಕೌದಿ, ಗುಂಡ್ಯಾನ ಮೂಗು

ಮನೆಯಲ್ಲಿ ಯಾರ ಮೇಲೆ ಯಾರಿಗೆ ಪ್ರೀತಿ ಹೆಚ್ಚು ಎಂದು ಪರೀಕ್ಷೆ ಮಾಡಲು ಹೋಗಬಾರದು. ಹೋದರೂ, ಪರೀಕ್ಷಕರ ಕುರ್ಚಿಯಲ್ಲಿ ನಾಯಿಯನ್ನಂತೂ ಕೂರಿಸಲೇಬಾರದು. ಅದಕ್ಕೆ ದಾಕ್ಷಿಣ್ಯ ಎಂಬುದೇ ಇಲ್ಲ.

ನಮ್ಮ ನಾಯಿ ಗುಂಡ್ಯಾ ನೋಡಲು ಹುಲಿ, ಗುಂಡಿಗೆ ಮಾತ್ರ ಇಲಿಯದು. ಪುಣೆಯಲ್ಲಿ ಗಣಪತಿ ಹಬ್ಬ ಇನ್ನೂ ದೂರವಿರುವಾಗಲೇ ನದಿ ದಂಡೆಯಲ್ಲಿ ಮೆರವಣಿಗೆಯ ಢೋಲು-ತಾಶಾ ವಾದ್ಯಗಳ ತಾಲೀಮು ಶುರುವಾಗುತ್ತದೆ. ಸಂಜೆ ಮೊದಲ ಪೆಟ್ಟು ಬಿದ್ದದ್ದೇ ತಡ, ಇವನು ಮಂಚದ ಕೆಳಗೆ. ಅನ್ನವಿಲ್ಲ, ನೀರಿಲ್ಲ, ಬರೀ ನಡುಕ. ತಾಲೀಮಿಗೇ ಹೀಗಾದರೆ ಹಬ್ಬದಲ್ಲಿ ಇವನ ಜೀವ ಉಳಿದೀತೇ ಎಂದು ಕಂಡಕಂಡವರ ಮುಂದೆಲ್ಲ ಗೋಳಾಡಿದೆ.

ನಾಯಿಗಳಿಗೆ ತರಬೇತಿ ಕೊಡುವ ಮೇಡಂ ಒಬ್ಬರು ಉಪಾಯ ಹೇಳಿದರು. ಮೂಗಿಗೆ ಕೆಲಸ ಕೊಟ್ಟರೆ ನಾಯಿಯ ಮನಸ್ಸು ಹಗುರಾಗುತ್ತದಂತೆ. ಅದು ತುಂಬ ಹಚ್ಚಿಕೊಂಡವರ ತೊಳೆಯದ ಬಟ್ಟೆಯಲ್ಲಿ ತಿಂಡಿಯ ಚೂರು ಬಚ್ಚಿಡಬೇಕಂತೆ, ಅದು ಮೂಸಿ ಹುಡುಕಬೇಕಂತೆ. ಹಚ್ಚಿಕೊಂಡವರು ಎಂದರೆ ನಾನೇ ತಾನೆ! ದಿನಾ ತಿರುಗಾಡಿಸುವವನು ನಾನು, ಮೈ ತೊಳೆಯುವವನು ನಾನು. ವ್ರತ ಹಿಡಿದವನಂತೆ ದಿನಗಟ್ಟಲೆ ಒಂದೇ ಬನಿಯನ್ನು ತೊಟ್ಟು ಓಡಾಡಿದೆ. “ಗುಂಡ್ಯಾ ಶಾಂತ ಆಗೂದು ಆಮ್ಯಾಲ, ಮೊದ್ಲ ನಮಗ ಉಸಿರಾಡ್ಲಿಕ್ಕೆ ಬಿಡ್ರಿ,” ಎಂದು ಹೆಂಡತಿ ಶೈಲಾ ಮೂಗು ಮುಚ್ಚಿಕೊಂಡಳು.

ಕಡೆಗೆ ಬನಿಯನ್ನಿನಲ್ಲಿ ರೊಟ್ಟಿಯ ಚೂರು ಸುತ್ತಿ ಅವನ ಮುಂದಿಟ್ಟೆ. ಢೋಲು ಶುರುವಾಯಿತು. ಗುಂಡ್ಯಾ ಒಮ್ಮೆ ಮೂಸಿದ, ಜೋರಾಗಿ ಸೀನಿದ, ನಡುಗುತ್ತಲೇ ಎದ್ದು ನೇರ ಅವ್ವನ ಕೋಣೆಗೆ ಹೋಗಿ ಅವಳ ಕೌದಿಯೊಳಗೆ ಮೂತಿ ತೂರಿಸಿದ. ತನ್ನ ಹಳೆಯ ಸೀರೆಗಳನ್ನೆಲ್ಲ ಒಂದರ ಮೇಲೊಂದಿಟ್ಟು ಧಾರವಾಡದಲ್ಲಿದ್ದಾಗ ಅವ್ವ ಕೈಯಾರೆ ಹೊಲಿದ ಕೌದಿ! ದಿನವಿಡೀ “ಹಚ್ಚಾ, ದೂರ ಸರಿ!” ಎಂದು ಗದರುವ ಅವ್ವನ ಮೇಲೆ ಇಷ್ಟು ಪ್ರೀತಿಯೇ!

ಬಿತ್ತು ಇವನಿಗೆ ಪೆಟ್ಟು ಎಂದುಕೊಂಡೆ. ಅವ್ವ ನೋಡಿದರೆ ರೊಟ್ಟಿ ಮುರಿದು ಕೌದಿಯ ಮಡಿಕೆಗಳೊಳಗೆ ತುರುಕುತ್ತಿದ್ದಾಳೆ. “ಹುಡುಕೋ ನನ್ನಪ್ಪಾ, ಇಲ್ಲೇ ಅದ. ಅಂಜಬ್ಯಾಡ, ನಾ ಇದ್ದೀನಿ.” ಗುಂಡ್ಯಾ ಮೂಸಿದ, ಹುಡುಕಿದ, ತಿಂದ, ಮತ್ತೆ ಮೂಸಿದ. ಬಾಲ ಅಲ್ಲಾಡಿತು! ನೋಡನೋಡುತ್ತ ಅಲ್ಲೇ ಕಾಲು ಚಾಚಿ ಮಲಗಿಬಿಟ್ಟ. ನಾನು ಕುಣಿದ ಕುಣಿತ ಕಂಡಿದ್ದರೆ ಢೋಲಿನವರು ನನ್ನನ್ನೇ ಮೆರವಣಿಗೆಗೆ ಕರೆದೊಯ್ಯುತ್ತಿದ್ದರು. ಒಳಗೊಳಗೇ ಹೊಟ್ಟೆಕಿಚ್ಚೂ ಇತ್ತು, ಸುಳ್ಳೇಕೆ ಹೇಳಲಿ.

ಅವ್ವನಿಗೆ ಅದು ತಿಳಿಯದೇ ಇದ್ದೀತೇ? “ಬಾ, ಕೌದ್ಯಾಗ ನಿನಗೂ ಒಂದು ಮೂಲಿ ಬಿಟ್ಟಾನ,” ಎಂದಳು. ಹೋಗಿ ಒರಗಿದೆ. ಅವ್ವನ ಸೀರೆಗಳ ವಾಸನೆಗೆ ಕಣ್ಣು ಯಾವಾಗ ಮುಚ್ಚಿತೋ ತಿಳಿಯದು. ಎಚ್ಚರಾದಾಗ ಢೋಲು ಇನ್ನೂ ಬಡಿಯುತ್ತಿತ್ತು, ಕೌದಿಯ ಮೇಲೆ ನಾನೊಬ್ಬನೇ ಇದ್ದೆ. ಅಷ್ಟು ಢೋಲಿಗೂ ಅಲುಗದೆ ಮಲಗಿದ್ದ ಗುಂಡ್ಯಾ, ನನ್ನ ಗೊರಕೆ ಕೇಳಿ ಎದ್ದು ಓಡಿದ್ದನಂತೆ.