ಗೇಟು ದಾಟಿದ ಮೇಲಿನ ಮಾತು

ನಮ್ಮ ಮಾಮುವಿಗೆ ಎರಡು ಬಾಯಿ ಇದ್ದವು ಎಂದರೆ ನಂಬುತ್ತೀರಾ? ಒಂದನ್ನು, ಕಾಲಿನ ಮೆಟ್ಟು ಕಳಚಿಟ್ಟ ಹಾಗೆ, ಮಸೀದಿಯ ಗೇಟಿನ ಹೊರಗೇ ಬಿಟ್ಟು ಒಳಗೆ ಹೋಗುತ್ತಿದ್ದರು!

ಮಾಮು ಎಂದರೆ ನನ್ನ ತಾಯಿಯ ಅಣ್ಣ. ಬೈಂದೂರು ಪೇಟೆಯಲ್ಲಿ ಬಲೆ ನೂಲಿನ ಅಂಗಡಿ. ಒಣಮೀನು ವ್ಯಾಪಾರದ ಕಾಸಿಂ ಚಾಚಾ ಅವರ ಜೀವದ ಗೆಳೆಯ, ಅಂದರೆ ದಿನವೂ ಜಗಳ. ಅಂಗಡಿಯಿಂದ ಮಸೀದಿಯವರೆಗೂ ರಾಜಕೀಯವೇ. "ನಿನ್ನ ಮಂತ್ರಿ ಎಂತ ಮಾಡ್ದ ಅಂದ್ರೆ..." ಎನ್ನುವಷ್ಟರಲ್ಲಿ ಗೇಟು ಬಂತೋ, ಮಾಮು ಬಾಯಿಗೆ ಬೀಗ. ನಮಾಜು ಮುಗಿಸಿ, ಮೆಟ್ಟು ಹಾಕಿ, ಹೊರಗೆ ಕಾಲಿಟ್ಟ ಕೂಡಲೇ, "...ಬರೀ ಹಾರ ಹಾಕ್ಸ್‌ಕಂಡ" ಎಂದು ಅದೇ ವಾಕ್ಯ ಮುಗಿಸುತ್ತಿದ್ದರು. ಹೊಸಬರಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಚುನಾವಣೆಗೆ ನಿಂತ ಧಣಿಯೊಬ್ಬರು ಮಸೀದಿಗೆ ತಮ್ಮ ಹೆಸರು ಬರೆಸಿದ ಹೊಸ ಚಾಪೆ ಕಳಿಸಿದ್ದರು. ಮಾಮು ಅಷ್ಟನ್ನೂ ಹೊತ್ತು ಅವರ ಜಗಲಿಗೇ ಹಾಕಿ ಬಂದರು. "ಚಾಪೆ ಲಾಯ್ಕಿತ್ತ್ ಧಣಿ. ಆದ್ರೆ ನಾವ್ ಹಣೆ ಇಡೂ ಜಾಗದಗೆ ನಿಮ್ಮ್ ಹೆಸ್ರ್ ಬೇಡ."

ಆಮೇಲೆ ಅವರೇ ಪಂಚಾಯ್ತಿಗೆ ನಿಂತರು. ಹೊಳೆಬದಿಗೆ ಕಲ್ಲಿನ ಮೆಟ್ಟಿಲು ಕಟ್ಟಿಸಬೇಕು, ಬುಟ್ಟಿ ಹೊತ್ತ ಹೆಂಗಸರು ಕೆಸರಿನಲ್ಲಿ ಜಾರಬಾರದು ಎಂಬುದೊಂದೇ ಹಟ. ಕಾಸಿಂ ಚಾಚಾ ಉಪಾಯ ತಂದರು: "ಶುಕ್ರವಾರ ಪ್ರವಚನ ಮಾಡೂ ಖತೀಬ್ರ ಬಾಯಗೆ ಒಂದ್ ಮಾತ್ ಹೇಳ್ಸ್ವ. ನೀ ಗೆದ್ದ್ಯೇ."

"ಬೇಡ."

"ಎಂತಕ್ ಬೇಡ? ನಮ್ಮ್ ಧರ್ಮದಗೆ ಎಲ್ಲಾ ಒಂದೇ ಮಾರಾಯ. ಪೈಗಂಬರ್ರೇ ಊರ್ ಆಳ್ಲಿಲ್ಯಾ?"

"ಅವ್ರಿಗೆ ದೇವ್ರ್ ಮಾತ್ ಇಳ್ದ್ ಬತ್ತಿತ್ತ್. ನಿಂಗೂ ನಂಗೂ ಬಪ್ದ್ ಬರೀ ಕೆಮ್ಮ್."

ಚಾಚಾ ಸಿಟ್ಟಿನಿಂದ ನಿಜಕ್ಕೂ ಕೆಮ್ಮಿದರು. ಆಗ ಮಾಮು ಮೆತ್ತಗೆ ಹೇಳಿದರು: "ನಂಗೆ ಓಟ್ ಹಾಕ್ದೇ ಇದ್ದವನ ಹೆಗಲೂ ನಮಾಜಿನ ಸಾಲಗೆ ನನ್ನ್ ಹೆಗ್ಲಿಗೆ ತಾಗತ್ತ್. ಅಲ್ಲೇ ಓಟ್ ಕೇಂಡ್ರೆ ಅವ ಎಲ್ಲಿಗ್ ಹೋಪ್ದ್?"

ಮಾಮು ಸೋತರು, ಅದೂ ಕೂದಲೆಳೆಯ ಅಂತರದಲ್ಲಿ. ಚಾಚಾ ವಾರಗಟ್ಟಲೆ ಮಾತು ಬಿಟ್ಟರು. ಆದರೆ ನಮಾಜಿನಲ್ಲಿ ನಿಲ್ಲುತ್ತಿದ್ದದ್ದು ಮಾತ್ರ ಮಾಮುವಿನ ಪಕ್ಕದಲ್ಲೇ. ಆ ಮೆಟ್ಟಿಲನ್ನು ಮಾಮು ಕಡೆಗೆ ಹಳೆಯ ದೋಣಿಯ ಹಲಗೆ ಜೋಡಿಸಿ ತಾವೇ ಮಾಡಿದರು. ಹಲಗೆ ಹಿಡಿದುಕೊಂಡವರು ಯಾರು? ಮಾತು ಬಿಟ್ಟ ಚಾಚಾ!

ಈ ಮಳೆಗಾಲಕ್ಕೆ ಮೊದಲು ಮಾಮು ತೀರಿಕೊಂಡರು. ಮುಂದಿನ ಶುಕ್ರವಾರ ಚಾಚಾನ ಪಕ್ಕ ಒಂದಾಳಿನ ಜಾಗ ಖಾಲಿ ಇತ್ತು. ನಮಾಜಿನ ಸಾಲಿನಲ್ಲಿ ಖಾಲಿ ಬಿಡುವಂತಿಲ್ಲ. ಚಾಚಾ ನನ್ನ ತೋಳು ಹಿಡಿದು ಅಲ್ಲಿಗೆ ಎಳೆದುಕೊಂಡರು.

ನಮಾಜು ಮುಗಿದು ಇನ್ನೂ ಅಂಗಳದಲ್ಲೇ ಇದ್ದೆವು. ಚಾಚಾ ಶುರುಮಾಡಿದರು: "ಹ್ವಾಯ್, ಆ ಓಟಿನ್ ವಿಷಯದಗೆ ನಿನ್ನ್ ಮಾಮು ಹೇಳಿದ್ದ್ ಸಮ ಅಲ್ಲ..." ಅಷ್ಟು ಹೇಳಿ ನನ್ನ ಮುಖ ನೋಡುತ್ತಾ ನಿಂತರು. ಯಾರಿಗೂ ಎದುರು ಮಾತಾಡಿದವನಲ್ಲ ನಾನು.

"ಮೊದ್ಲ್ ಮೆಟ್ಟ್ ಹಾಕಿ ಗೇಟ್ ದಾಟಿ ಚಾಚಾ," ಎಂದೆ. "ಮಾತ್ ಆಮೇಲೆ."

ಮೆಟ್ಟು ಹುಡುಕಲೆಂದು ಬಗ್ಗಿದ ಚಾಚಾ ಕಣ್ಣೊರೆಸಿಕೊಳ್ಳುತ್ತಾ ಬಹಳ ಹೊತ್ತು ಮೇಲೇಳಲೇ ಇಲ್ಲ.