ಸಿಂಗಪುರಕ್ಕೆ ಇಟ್ಟ ಪ್ರಸ್ಥಾನ

ಪ್ರವಾಸದಲ್ಲಿ ನನಗೆ ಬಹಳ ಹಿಡಿಸುವ ಭಾಗವೆಂದರೆ ಅದನ್ನು ಮುಂದಕ್ಕೆ ಹಾಕುವುದು. ನೋಡಿಬಂದ ಊರು ನಾಲ್ಕು ಫೋಟೊಗಳಲ್ಲಿ ಮುಗಿದುಹೋಗುತ್ತದೆ. ಮುಂದಕ್ಕೆ ಹಾಕಿದ ಊರು ಭರಣಿಯೊಳಗಿನ ಉಪ್ಪಿನಕಾಯಿಯಂತೆ ವರ್ಷಗಟ್ಟಲೆ ಕೆಡುವುದಿಲ್ಲ. ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಬೀಜ, ಗೊಬ್ಬರ ಮತ್ತು ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ಒಗ್ಗರಣೆಯದಲ್ಲ, ಹೊಲಕ್ಕೆ ಹೊಡೆಯುವ ಔಷಧಕ್ಕೆ ನಮ್ಮ ರೈತರು ಇಟ್ಟ ಹೆಸರು. ಈ ಅಂಗಡಿ ನನ್ನನ್ನು ಎಲ್ಲಿಗೂ ಬಿಡುವುದಿಲ್ಲ ಎಂದು ನಾನು ಎಲ್ಲರೆದುರು ಹೇಳಿಕೊಳ್ಳುತ್ತೇನೆ. ಮೈಸೂರಿಗೆಂದು ಹೊರಟವರು ನಮ್ಮೂರಿನ ರೈಲು ಸ್ಟೇಷನ್ನಿನಿಂದಲೇ ಹಿಂದಿರುಗಿದೆವು, ಗೊಬ್ಬರದ ಲಾರಿ ಬಂದಿತ್ತು. ಕಾಶಿಗೆಂದು ಹೊರಟು ಸೊಲ್ಲಾಪುರದಿಂದ ತಿರುಗಿದೆವು. ಗೋವೆಗೆಂದು ಹೊರಟಾಗ ಹುಬ್ಬಳ್ಳಿಯವರೆಗೂ ಮುಟ್ಟಿದ್ದೆವು. ಪ್ರಗತಿ ಆಗಿಲ್ಲ ಎನ್ನುವಂತಿಲ್ಲ, ಪ್ರತಿ ಸಲವೂ ಸ್ವಲ್ಪ ಹೆಚ್ಚು ದೂರ ಹೋಗಿಯೇ ವಾಪಸ್ಸು ಬಂದಿದ್ದೇವೆ.

ನನ್ನ ಹೆಂಡತಿ ಕಸ್ತೂರಿ ಪಕ್ಕದ ಹಳ್ಳಿ ಮಸೂತಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಾಳೆ. ಮೂವತ್ತು ಮಕ್ಕಳನ್ನು ಒಂದೇ ನೋಟಕ್ಕೆ ಕೂರಿಸಬಲ್ಲವಳು ಮನೆಯಲ್ಲಿ ದನಿ ಏರಿಸುವುದಿಲ್ಲ, ಅದು ಇನ್ನೂ ಕಷ್ಟ. ಈ ಸಲ ದಸರೆಯ ಹಬ್ಬ ಮುಗಿದ ಮೇಲೂ ರಜೆ ಉಳಿದಿತ್ತು. ಒಂದು ದಿನ ಊಟಕ್ಕೆ ಬಡಿಸುತ್ತ, ಸಿಂಗಪುರಕ್ಕೆ ಟಿಕೆಟ್ ಮಾಡಿಸಿದ್ದೇನೆ ಎಂದಳು, ಇನ್ನೊಂದು ರೊಟ್ಟಿ ಹಾಕಲೇ ಎಂಬಂತೆ. ಶನಿವಾರ ನಸುಕಿನಲ್ಲಿ ಕಾರಿನಲ್ಲಿ ಹೊರಟು ಸಿಂದಗಿಯ ಮೇಲೆ ಹೈದರಾಬಾದು, ಅಲ್ಲಿಂದ ವಿಮಾನ. ಸಿಂದಗಿಯಲ್ಲಿ ಅವಳ ತಂಗಿಯ ಮನೆಯಲ್ಲಿ ಹೋಳಿಗೆ. ಎಲ್ಲ ಅಚ್ಚುಕಟ್ಟು, ಆದರೆ ಶನಿವಾರ ಮೂಡಣ ದಿಕ್ಕಿಗೆ ಶೂಲವಂತೆ, ಆ ಕಡೆ ಪ್ರಯಾಣ ಹೊರಡಬಾರದಂತೆ. ಹೈದರಾಬಾದು ಮೂಡಣಕ್ಕೆ, ಸಿಂಗಪುರ ಅದಕ್ಕಿಂತ ಮೂಡಣಕ್ಕೆ. ದಿನ, ತಿಥಿ, ಗಳಿಗೆ ಎಲ್ಲ ಸುಳ್ಳೆಂದು ಲೋಕಕ್ಕೇ ಹೇಳಿಕೊಟ್ಟ ಊರಿನಲ್ಲಿದ್ದು ಇವಳಿಗೆ ಶೂಲ ಎಲ್ಲಿಂದ ಬಂತೋ ಎಂದು ನಾನು ನಗೆಯಾಡಿದೆ. ಅದಕ್ಕೆ ಪರಿಹಾರವೂ ಅವಳ ಹತ್ತಿರವೇ ಇತ್ತು, ಪ್ರಸ್ಥಾನ ಇಡುವುದು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕೂ ಮುಂಚಿನ ಒಳ್ಳೆಯ ದಿನ ನೋಡಿ ನಮ್ಮದೊಂದು ಚೀಲವನ್ನು ಪಕ್ಕದವರ ಮನೆಯಲ್ಲಿ ಇಟ್ಟುಬರಬೇಕು. ಪ್ರಯಾಣ ಆವತ್ತೇ ಶುರುವಾಯಿತೆಂದು ಲೆಕ್ಕ. ಆಮೇಲೆ ನಾವು ಹೊರಟಾಗ ಚೀಲವನ್ನು ದಾರಿಯಲ್ಲಿ ಎತ್ತಿಕೊಂಡರಾಯಿತು. ಆದರೆ ಇಟ್ಟ ಪ್ರಸ್ಥಾನ ತಿರುಗಿ ಮನೆಯ ಹೊಸ್ತಿಲು ದಾಟುವಂತಿಲ್ಲ. ಬುಧವಾರ ಬೆಳಗ್ಗೆ ಒಂದು ಹಿಡಿ ಅಕ್ಕಿ, ಅರಿಶಿನ ಬೇರು, ನಮ್ಮಿಬ್ಬರ ಒಂದೊಂದು ಜೊತೆ ಬಟ್ಟೆ ತುಂಬಿದ ಚೀಲ ನೀಲಕ್ಕನ ಮನೆಗೆ ಹೋಯಿತು. ನೀಲಕ್ಕ ನಮ್ಮ ಗೋಡೆಗೆ ಹತ್ತಿದ ಮನೆಯವಳು, ಕಸ್ತೂರಿಯ ಗೆಳತಿ.

ಗುರುವಾರ ಮಧ್ಯಾಹ್ನ ಅಂಗಡಿಗೆ ಬಂದ ರೈತರೆಲ್ಲ ತೊಗರಿಗೆ ಕೀಡೆ ಬಿದ್ದಿದೆ ಎನ್ನತೊಡಗಿದರು. ಇಂಡಿ ತಾಲೂಕಿನ ಕಡೆಯಿಂದಲೂ ಫೋನು ಬಂತು. ತೊಗರಿಗೆ ಕೀಡೆ ಬಿದ್ದಾಗ ಎಣ್ಣೆಯ ಅಂಗಡಿಯವನು ಊರು ಬಿಡುವುದೆಂದರೆ ಮದುವೆಯ ದಿನ ಭಟ್ಟರು ಅತ್ತೆಮನೆಗೆ ಹೋದಂತೆ. ನಾನೇನೂ ಪ್ರವಾಸ ಬೇಡ ಎನ್ನಲಿಲ್ಲ. ಸಂಜೆ ಮನೆಗೆ ಬರುವಾಗ ನೀಲಕ್ಕನ ಬಾಗಿಲಲ್ಲಿ ನಿಂತು, ಒಂದು ಎಂಟು ದಿನ ಮುಂದೆ ಹೋದರೂ ಹೋಗಬಹುದು, ಆ ಚೀಲ ಕೊಟ್ಟುಬಿಡಿ ಎಂದು ಸುಮ್ಮನೆ ಕೇಳಿದೆ. ಚೀಲ ತಿರುಗಿ ಬಂದುಬಿಟ್ಟರೆ, ಅಪಶಕುನವಾಯಿತೆಂದು ಕಸ್ತೂರಿಯೇ ಪ್ರವಾಸ ಬೇಡ ಎಂದಾಳು ಎಂಬ ಸಣ್ಣದೊಂದು ಆಸೆ ನನಗಿತ್ತು. ನೀಲಕ್ಕ, ಚೀಲ ದೇವರ ಮನೆಯಲ್ಲಿದೆ, ದೀಪ ಹಚ್ಚಿದ ಮೇಲೆ ತೆಗೆಯಬಾರದು, ನಾಳೆ ನೋಡೋಣ ಎಂದಳು. ಶುಕ್ರವಾರ ಅಂಗಡಿಯ ಗದ್ದಲದಲ್ಲಿ ನನಗೆ ಅದು ಮರೆತೇಹೋಯಿತು.

ಶನಿವಾರ ನಸುಕಿಗೆ ಡ್ರೈವರ್ ಮೈಬೂಬ ಬಾಡಿಗೆ ಕಾರು ತಂದು ನಿಲ್ಲಿಸಿದ. ಮುಂದುಗಡೆ ಇಂಡಿ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿದ್ದವು. ನಾನು ಕಪಾಟು ತೆರೆದು ನೋಡಿದೆ, ಪಾಸ್‌ಪೋರ್ಟುಗಳಿಲ್ಲ. ಕಪಾಟನ್ನೆಲ್ಲ ಕೆದರಿ ಮುಗಿಸಿದ ಮೇಲೆ ಕಸ್ತೂರಿ ಶಾಂತವಾಗಿ, ಅವು ಪ್ರಸ್ಥಾನದ ಚೀಲದಲ್ಲಿವೆ, ಪರದೇಶಕ್ಕೆ ಹೋಗುವವರು ಅವನ್ನಲ್ಲದೆ ಇನ್ನೇನು ಇಡಬೇಕು ಎಂದಳು. ಸರಿ ಎಂದು ನೀಲಕ್ಕನ ಮನೆಗೆ ಹೋದರೆ ಬಾಗಿಲಿಗೆ ಬೀಗ. ಫೋನು ಮಾಡಿದೆವು. ಅದು ಬೀಗದ ಒಳಗಿನಿಂದಲೇ ಬಡಿದುಕೊಳ್ಳತೊಡಗಿತು. ಮುದ್ದೇಬಿಹಾಳದಲ್ಲಿ ನೀಲಕ್ಕನ ತಂಗಿಯ ಮಗಳ ಕುಬಸ ಇದೆಯೆಂಬುದು, ಬಸುರಿಗೆ ಉಡಿ ತುಂಬಲು ಅವಳು ಹೋಗಿರಬೇಕೆಂಬುದು ಆಗ ಕಸ್ತೂರಿಗೆ ನೆನಪಾಯಿತು. ಕಿಟಕಿಯಲ್ಲಿ ಇಣುಕಿದರೆ ದೇವರ ಮನೆಯಲ್ಲಿ ಚೀಲವೂ ಇಲ್ಲ. ಸತ್ಯ ಹೇಳಬೇಕೆಂದರೆ, ಆ ಕ್ಷಣ ನನಗೆ ಒಂಚೂರು ಸಮಾಧಾನವೇ ಆಯಿತು. ಆಮೇಲೆ ಕಸ್ತೂರಿಯ ಮುಖ ನೋಡಿದೆ. ಹುಬ್ಬಳ್ಳಿಯಿಂದ ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಕಡೆ ಇಟ್ಟುಕೊಂಡಿದ್ದ ಮುಖವೇ ಅದು. ಮುದ್ದೇಬಿಹಾಳಕ್ಕೆ ಹೊಡಿ ಎಂದು ಮೈಬೂಬನಿಗೆ ನಾನೇ ಹೇಳಿದೆ. ಸಿಂದಗಿಯ ಹೋಳಿಗೆಯನ್ನು ಸಿಂದಗಿಯವರೇ ತಿನ್ನಲಿ ಎಂದು ಫೋನು ಮಾಡಿದ್ದಾಯಿತು.

ದಾರಿಯುದ್ದಕ್ಕೂ ನನ್ನ ಚಿಂತೆ ವಿಮಾನದ್ದು, ಅವಳ ಚಿಂತೆ ದಿಕ್ಕಿನದು ಎಂದುಕೊಂಡೆ. ಚೀಲ ಹಿಂದಕ್ಕೆ ಹೋಯಿತೋ ಮುಂದಕ್ಕೆ ಹೋಯಿತೋ ಎಂದು ಮೈಬೂಬನನ್ನು ಕೇಳಿದಳು. ತಾಳಿಕೋಟೆಯ ಮೇಲೂ ಹೈದರಾಬಾದಿಗೆ ದಾರಿ ಇದೆ, ಹಾಗಾಗಿ ಚೀಲ ಮುಂದೆಯೇ ಹೋಗಿದೆ ಎಂದು ಅವನು ತೀರ್ಪು ಕೊಟ್ಟ. ಮುದ್ದೇಬಿಹಾಳದ ಆ ಮನೆಯಲ್ಲಿ ಹೆಣ್ಣುಮಕ್ಕಳ ಸಂತೆಯೇ ನೆರೆದಿತ್ತು. ದೇವರ ಜಗುಲಿಯ ಮೇಲೆ ನಮ್ಮ ಚೀಲ, ಚೀಲದ ಮೇಲೆ ಎರಡು ಪಾಸ್‌ಪೋರ್ಟು, ಎರಡಕ್ಕೂ ಅರಿಶಿನ ಕುಂಕುಮ. ಕೈಗೆ ಬಂತಲ್ಲ ಎಂದು ಚೀಲ ಎತ್ತಿಕೊಂಡು ಹೊರಡಬೇಕಿತ್ತು. ಬುದ್ಧಿಗೇಡಿಯಾದ ನಾನು, ಇದನ್ನು ಇಲ್ಲಿಗೆ ಯಾಕೆ ತಂದಿರಿ ಎಂದು ನೀಲಕ್ಕನನ್ನು ಜೋರು ಮಾಡಿದೆ.

ಅವಳು ಉಡಿ ತುಂಬುವುದನ್ನು ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ನೀವಲ್ಲೇನ್ರಿ ಬ್ಯಾಸ್ತವಾರ ಸಂಜೀಕ ಬಂದು ಚೀಲ ತಿರುಗಿ ಕೊಡ್ರಿ ಅಂದಾವ್ರು? ಇಟ್ಟ ಪ್ರಸ್ಥಾನ ಹೊಳ್ಳಿ ಮನಿಗೆ ಹೋಗಬಾರದು. ನಮ್ಮ ಮನಿಯವ್ರು ಭಾಳ ಮೆತ್ತಗ, ಕೇಳಿದ್ರ ಕೊಟ್ಟು ಬಿಡತಾರ. ಅದಕ್ಕ ಚೀಲಾನೂ ಕರ್ಕೊಂಡು ಬಂದೆ, ಅವ್ರನ್ನೂ ಕರ್ಕೊಂಡು ಬಂದೆ.”

ಮೂಲೆಯಲ್ಲಿ ಕುಳಿತಿದ್ದ ಅವಳ ಗಂಡ ಮೆತ್ತಗೆ ತಲೆಯಾಡಿಸಿದರು. ಹೆಣ್ಣುಮಕ್ಕಳೆಲ್ಲ ನನ್ನನ್ನು ನೋಡಿದರು. ಬಸುರಿ ಕೂಡ ಸೆರಗಿನಲ್ಲಿ ನಕ್ಕಳು. ಕಸ್ತೂರಿಯೊಬ್ಬಳು ನಗಲಿಲ್ಲ. ಪಾಸ್‌ಪೋರ್ಟುಗಳನ್ನು ಪರ್ಸಿಗೆ ಹಾಕಿಕೊಂಡು, ಚೀಲ ಎತ್ತಿಕೊಂಡು, ಕಾರಿನಲ್ಲಿ ಹೋಗಿ ಕುಳಿತಳು.

ತಾಳಿಕೋಟೆ ದಾಟಿತು. ಆಮೇಲೆ ನಾನೇ ತೊಗರಿಯ ಕೀಡೆಯ ವಿಷಯ ಎತ್ತಿದೆ. ಕೀಡೆ ಪ್ರತಿ ವರ್ಷ ಬರುತ್ತದೆ ಎಂದಳು. ಸೋಲಬಾರದೆಂದು, ನೀನು ಶನಿವಾರಕ್ಕೆ ಹೆದರಿ ಆ ಚೀಲ ಇಡದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದೆ.

“ಶನಿವಾರಕ್ಕ ಯಾರು ಅಂಜ್ಯಾರ?” ಎಂದಳು ಕಸ್ತೂರಿ. “ನಾನು ಅಂಜಿದ್ದು ನಿಮಗ. ಪಾಸ್‌ಪೋರ್ಟ್ ಮನ್ಯಾಗ ಇದ್ರ ನಾವೂ ಮನ್ಯಾಗ ಇರ್ತಿದ್ವಿ.”

ಹೊರಗೆ ತೊಗರಿಯ ಹೊಲಗಳು ಹಿಂದೆ ಸರಿಯುತ್ತಿದ್ದವು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಅವಳು ಶಾಸ್ತ್ರ ಮಾಡುತ್ತಿದ್ದಾಳೆ ಅನ್ನಿಸಿತ್ತೇ ಹೊರತು ಬಂದೋಬಸ್ತು ಮಾಡುತ್ತಿದ್ದಾಳೆ ಎಂದು ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ಇಷ್ಟು ಹಟ ಹಿಡಿದು ಸಿಂಗಪುರಕ್ಕೆ ನನ್ನನ್ನೇ ಜೊತೆಗೆ ಕರೆದೊಯ್ಯುತ್ತಿದ್ದಾಳಲ್ಲ ಎಂದು ಸಂತೋಷವೂ ಆಯಿತು. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂತು. ಅವಳು ಸುಮ್ಮನೆ ಕೈ ಚಾಚಿದಳು. ನನ್ನ ಫೋನು ಅವಳ ಪರ್ಸಿನಲ್ಲಿ ಪ್ರಸ್ಥಾನ ಇಟ್ಟಂತಾಯಿತು, ಅದೂ ತಿರುಗಿ ಬರುವ ಹಾಗಿರಲಿಲ್ಲ.

ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಓಡುತ್ತಲೇ ಒಳಹೊಕ್ಕೆವು. ಪಾಸ್‌ಪೋರ್ಟು ನೋಡುವ ಅಧಿಕಾರಿ ತನ್ನ ಹೆಬ್ಬೆರಳಿಗೆ ಹತ್ತಿದ ಅರಿಶಿನವನ್ನು ನೋಡಿಕೊಂಡು, ಮೊದಲ ಸಲ ಹೊರಟಿದ್ದೀರಾ ಎಂದು ಹಿಂದಿಯಲ್ಲಿ ಕೇಳಿದ. ನಾನು ಎದೆಯುಬ್ಬಿಸಿ ಹೌದು ಎಂದೆ. ಕಸ್ತೂರಿ ನನ್ನ ತೋಳು ಜಗ್ಗಿದಳು.

“ಖರೆ ಹೇಳ್ರಿ. ಹೊರಡೂದು ನಾಕನೇ ಸಲ, ಹೋಗೂದು ಮೊದಲನೇ ಸಲ ಅಂತ ಹೇಳ್ರಿ.”

ಅವಳು ಬಿಡುವವಳಲ್ಲ, ನನ್ನ ಅಂಗಡಿಯ ಹಿಂದಿಯಲ್ಲಿ ಅದನ್ನೇ ಹೇಳಿದೆ. ಅಧಿಕಾರಿ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ನಕ್ಕ. ಅವಳ ಪಾಸ್‌ಪೋರ್ಟಿಗೆ ತಟ್ಟನೆ ಮುದ್ರೆ ಒತ್ತಿ ಕೊಟ್ಟ. ನನ್ನದನ್ನು ಕೈಯಲ್ಲಿ ಹಿಡಿದುಕೊಂಡು, ಇವರನ್ನೂ ಬಿಡಲೇ ಎಂದು ಅವಳನ್ನೇ ಕೇಳಿದ.

ಕಸ್ತೂರಿ ಮೊದಲು ಪರ್ಸಿನಲ್ಲಿದ್ದ ನನ್ನ ಫೋನು ಬಂದ್ ಮಾಡಿದಳು, ಆಮೇಲೆ ಹೂಂ ಎಂದು ತಲೆಯಾಡಿಸಿದಳು.