ಮಾಸ್ತರ ಕಾದಂಬರಿ, ನನ್ನ ಐತವಾರ

ಮರ್ಯಾದಿ ಹೋಗೂ ಪ್ರಸಂಗ ನನ್ನ ಹುಡುಕ್ಕೊಂಡ ಬರತಾವ್ರಿ, ಅದೂ ಬಹಳ ಮಾಡಿ ರಜಾ ದಿನಾನ. ಈಗ ಹೇಳಬೇಕಾದ್ರೂ ಮಾರಿ ಮುಚ್ಚಿಕೊಳ್ಳಂಗ ಆಕ್ಕೈತಿ.

ಗಾಂಧಿ ಚೌಕದಾಗ ನನ್ನದೊಂದು ಮೊಬೈಲ್ ಅಂಗಡಿ ಐತಿ. ವಾರದಾಗ ಆರು ದಿನ ಹೊಸ ಫೋನ್, ಹೊಸ ಆ್ಯಪ್ ಅಂತ ಸುದ್ದಿ ಓದಿ ಓದಿ ತಲಿ ಚಿಟ್ಟ ಹಿಡಿದಿತ್ತು. "ಇನ್ನ ಐತವಾರ ಬರೇ ಪುಸ್ತಕ ಓದತೇನಿ" ಅಂತ ಕಂಡಕಂಡವರ ಮುಂದ ಹೇಳಕೊಂಡೆ. ಅದು ತಿಕೋಟಾದಾಗ ನನಗ ಸಾಲಿ ಕಲಿಸಿದ ಮಾಸ್ತರ ಕಿವಿಗೆ ಬಿತ್ತು. ರಿಟೈರ್ ಆದ ಮ್ಯಾಲ ನಾಕು ವರ್ಷ ಕುಂತು ಬರದ ಕಾದಂಬರಿನ ಝೆರಾಕ್ಸ್ ಮಾಡಿಸಿ, ಬೈಂಡ್ ಹಾಕಿಸಿ ತಂದು ಕೈಯಾಗಿಟ್ರು. "ಮೊದಲ ಓದಾವ ನೀನ. ನೀ ಛಲೋ ಐತಿ ಅಂದ್ರಷ್ಟ ಅಚ್ಚಿಗೆ ಕೊಡತೇನಿ" ಅಂದ್ರು.

೧. ಬಸ್ಸಿನಾಗ

ಮೊದಲನೇ ಐತವಾರ ಹೊನವಾಡದ ಬಸ್ಸಿನಾಗ ಪುಸ್ತಕ ತಗದೆ. ಬಾಜೂ ಕುಂತ ಅಜ್ಜಿ, "ಪರೀಕ್ಷಾ ಐತೇನೋ ಯಪ್ಪಾ?" ಅಂದಳು. ಸುಮ್ಮನ ಓದಾಕತ್ತೇನಿ ಅಂತ ಹೇಳಾಕ ಯಾಕೋ ನಾಚಿಕಿ ಬಂತು. "ಹೂನಬೇ" ಅಂದೆ. ಪಾಪ, ಕಿಡಕಿ ಸೀಟು ಬಿಟ್ಟುಕೊಟ್ಟಳು. ನಾ ಎರಡನೇ ಪುಟಕ್ಕ ಗೊರಕಿ ಹೊಡದೆ.

ಊರು ಬಂದಾಗ ಆ ಅಜ್ಜಿನ ನನ್ನ ಎಬ್ಬಿಸಿದಳು. "ಇಷ್ಟು ವಯಸ್ಸಾದ್ರೂ ಯಾಕ ಪಾಸಾಗಿಲ್ಲ ಅಂತ ಈಗ ತಿಳೀತು ನೋಡು."

೨. ಮಾವನ ಮನಿಯಾಗ

ಮುಂದಿನ ಐತವಾರ ಬಬಲೇಶ್ವರಕ್ಕ ಮಾವನ ಮನಿಗೆ ಹೋಗಿದ್ದೆ. ಅಳಿಯ ಪುಸ್ತಕ ಹಿಡದಾನಂತ ಮಾವಗ ಎಲ್ಲಿಲ್ಲದ ಅಭಿಮಾನ. ಟಿವಿ ಬಂದ್ ಮಾಡಿಸಿದ್ರು, ಮಿಕ್ಸರ್ ಬಂದ್ ಮಾಡಿಸಿದ್ರು, ಅತ್ತಿಯವರಿಗೆ "ಮೆಲ್ಲಕ ಮಾತಾಡ" ಅಂತ ಗದರಿಸಿದ್ರು. ನಾನೋ, ಪುಸ್ತಕದ ನಡುವ ಫೋನ್ ಇಟ್ಟು ಹೊಸ ಮಾಡೆಲ್ಲಿನ ಸುದ್ದಿ ನೋಡಾಕತ್ತಿದ್ದೆ. ಮಾವ ಮಜ್ಜಗಿ ಹಿಡಕೊಂಡು ಹಿಂದ ಬಂದು ನಿಂತಿದ್ದು ಗೊತ್ತಾಗಲೇ ಇಲ್ಲ.

"ಅಳಿಯಾರ, ಈ ಕಾದಂಬರಿಗೆ ಎಷ್ಟು ಕ್ಯಾಮೆರಾ ಅದಾವ್ರಿ?"

ಒಳಗ ಅತ್ತಿಯವರು ಮಿಕ್ಸರ್ ಚಾಲೂ ಮಾಡಿದ್ರು.

೩. ಮಾಸ್ತರ ಮುಂದ

ಮೂರನೇ ವಾರ ಮಾಸ್ತರು ಅಂಗಡಿಗೇ ಬಂದ್ರು. ಅಲ್ಲಿತನಕ ನಾ ಓದಿದ್ದು ಹನ್ನೊಂದು ಪುಟ. ಅದರಾಗ ಕೆಮ್ಮೋ ಮುದುಕ ಒಬ್ಬ ಇದ್ದ, ಅಷ್ಟ ಗೊತ್ತು.

"ಓದಿದೇನೋ?"

"ಪೂರಾ ಓದೇನ್ರಿ ಸರ್."

"ಕಡೀಕ ಹೆಂಗ ಅನಿಸ್ತು?"

"ಕಡೀಕ ಆ ಮುದುಕ ಸತ್ತಾಗ ಅಳು ತಡಿಲಿಲ್ರಿ," ಅಂದು ಕಣ್ಣೂ ಒರಸಿಕೊಂಡೆ. ನನ್ನ ನಾಲಿಗಿ ಸೇದ ಹೋಗ್ಲಿ!

ಮಾಸ್ತರು ಚೀಲದಾಗಿಂದ ಒಂದು ಕಟ್ಟು ಹಾಳಿ ತಗದ್ರು. "ಬೈಂಡ್ ಹಾಕಾವ ಕಡೀ ಅಧ್ಯಾಯನ ಬಿಟ್ಟಬಿಟ್ಟಾನ, ಅದನ್ನ ಕೊಡಾಕ ಬಂದೆ. ಇದರಾಗ ಯಾರೂ ಸಾಯಂಗಿಲ್ಲೋ. ಆ ಮುದುಕಂದು ಮದಿವಿ ಐತಿ."

ಭೂಮಿ ಬಾಯಿ ಬಿಟ್ರ ಅಲ್ಲೇ ಇಳಿದುಬಿಡತಿದ್ದೆ. ಈಗ ಬೈತಾರ ಅಂತ ತಲಿ ತಗ್ಗಿಸಿ ನಿಂತೆ. ಅವರ ಮಾರಿ ಮ್ಯಾಲ ಸಿಟ್ಟೂ ಇಲ್ಲ, ಚಾಷ್ಟಿನೂ ಇಲ್ಲ. ಕಿಸೆದಾಗಿನ ಪೆನ್ನು ತಗದು, ಹಾಳಿ ಮ್ಯಾಲ ಹಿಡದು, ಖರೇನ ಕೇಳಿದ್ರು:

"ನಿನಗ ಅಷ್ಟು ಅಳು ಬಂದಿತ್ತಂದ್ರ, ಮದಿವಿ ತಗದು ಅವನ್ನ ಸಾಯಿಸಿಬಿಡ್ಲೇನೋ?"